ಗಣಿ ಊರಿನ ಗೆಲುವು

1925ರ ಡಿಸೆಂಬರ್ 6ರಂದು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಊರು ಪಾಟ್ಸ್‌ವಿಲ್‌ನ ಮರೂನ್ಸ್ ತಂಡ, ಶಿಕಾಗೋ ಕಾರ್ಡಿನಲ್ಸ್ ತಂಡವನ್ನು ಅವರ ಊರಲ್ಲೇ 21-7ರಿಂದ ಸೋಲಿಸಿತು. ಆದರೂ ಅಮೆರಿಕನ್ ಫುಟ್‌ಬಾಲ್ ಲೀಗಿನ ದಾಖಲೆಯಲ್ಲಿ ಆ ವರ್ಷದ ಚಾಂಪಿಯನ್ ಕಾರ್ಡಿನಲ್ಸ್. ಇದು ನ್ಯಾಯವಲ್ಲ. ಆರು ದಿನಗಳ ಬಳಿಕ ಮರೂನ್ಸ್ ಫಿಲಡೆಲ್ಫಿಯಾದಲ್ಲಿ ಪ್ರದರ್ಶನ ಪಂದ್ಯವೊಂದನ್ನು ಆಡಿ ಗೆದ್ದಿತು. ಅದು ಫ್ರಾಂಕ್‌ಫರ್ಡ್ ತಂಡದ ಹಕ್ಕಿನ ಪ್ರದೇಶ. ಲೀಗಿನ ಅಧ್ಯಕ್ಷ ಜೋ ಕಾರ್ ಮೊದಲೇ ಎಚ್ಚರಿಸಿದ್ದರು, ಆಮೇಲೆ ತಂಡವನ್ನು ಅಮಾನತು ಮಾಡಿದರು.

ನಿಯಮ ಮುರಿದವರಿಗೆ ಶಿಕ್ಷೆ ಬೇಡವೇ ಎಂದು ನೀವು ಕೇಳಬಹುದು. ಬೇಕು; ದಂಡ ಹಾಕಬಹುದಿತ್ತು. ಆದರೆ ಪ್ರದರ್ಶನ ಪಂದ್ಯದ ತಪ್ಪು, ಬೆವರು ಸುರಿಸಿ ಗಳಿಸಿದ ಗೆಲುವನ್ನು ಅಳಿಸಲಾರದು. ಕಾರ್ಡಿನಲ್ಸ್ 11 ಪಂದ್ಯ ಗೆದ್ದಿತ್ತಲ್ಲ ಎನ್ನುವವರೂ ಇದ್ದಾರೆ. ಆಗ ಫೈನಲ್ ಇರಲಿಲ್ಲ, ಗೆಲುವಿನ ಪ್ರಮಾಣವೇ ಅಳತೆ, ನಿಜ. ಆದರೆ ಸೋತ ಮೇಲೆ ಶಿಕಾಗೋದವರು ಅವಸರದಲ್ಲಿ ಎರಡು ಪಂದ್ಯ ಹೊಂದಿಸಿಕೊಂಡರು. ಒಂದರಲ್ಲಿ ಎದುರಾಳಿ ಮಿಲ್ವಾಕಿ ತಂಡದ ಪರವಾಗಿ ಹೈಸ್ಕೂಲ್ ಹುಡುಗರು ಆಡಿದ್ದರು! ಆ ಎರಡನ್ನು ಬಿಟ್ಟರೆ ಅವರದು 9 ಗೆಲುವು, 2 ಸೋಲು. ಮರೂನ್ಸ್‌ನದು 10 ಗೆಲುವು, 2 ಸೋಲು. ಕಾರ್ಡಿನಲ್ಸ್ ಮಾಲೀಕ ಕ್ರಿಸ್ ಓಬ್ರಿಯನ್ ಸ್ವತಃ ಆ ಪ್ರಶಸ್ತಿಯನ್ನು ಒಪ್ಪಲಿಲ್ಲ. ಎದುರಾಳಿಯೇ ನುಡಿದ ಈ ಸಾಕ್ಷಿಗಿಂತ ಬೇರೆ ಪುರಾವೆ ಬೇಕೆ? ಆದರೂ 2003ರಲ್ಲಿ ಮರುಪರಿಶೀಲನೆಯ ಕೋರಿಕೆಯನ್ನು ತಂಡಗಳ ಮಾಲೀಕರು 30-2 ಮತಗಳಿಂದ ತಳ್ಳಿಹಾಕಿದರು.