ನವಣೆಗೆ ಮರ್ಯಾದೆ ಬಂತು, ಬೆಳೆದೋರಿಗೆ?

(ದಂಡಿನಶಿವರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮಲ್ಲಿ ನವಣೆ ತೆನೆ ಕಣ್ಣಾರೆ ನೋಡಿದೋರು ಎಷ್ಟು ಜನ? ಕೈ ಎತ್ತಿ. ಮೂರೇ ಕೈ.

ಚೀನಾದ ಉತ್ತರ ಭಾಗದಲ್ಲಿ ಸುಮಾರು 8,000 ವರ್ಷದ ಹಿಂದೆಯೇ ಬಿತ್ತುತ್ತಿದ್ದ ಕಾಳು ಇದು. ನಮ್ಮ ಸೀಮೆಯಲ್ಲಿ ಬೋರ್‌ವೆಲ್ಲು, ತೆಂಗಿನ ತೋಟ ಇಷ್ಟೊಂದು ಹಬ್ಬುವ ಮೊದಲು ಮುದ್ದೆಗೆ ರಾಗಿ, ಅನ್ನಕ್ಕೆ ನವಣೆ, ಸಾಮೆ, ಹಾರಕ. ನೆಲ್ಲಕ್ಕಿ ಅನ್ನ ಹಬ್ಬಕ್ಕೆ ಮಾತ್ರ. ಕಲ್ಲು ಗರಸಿನ ನೆಲದಲ್ಲೂ, ಕಡಿಮೆ ಮಳೆಯಲ್ಲೂ, ಮೂರು ತಿಂಗಳಲ್ಲಿ ಕೈಗೆ ಬರುವ ಬೆಳೆ.

ನಮ್ಮಜ್ಜಿ ಗೌಡರ ಕಣದಲ್ಲಿ ನವಣೆ ಬಡಿದು ಕೂಲಿ ತರುತ್ತಿದ್ದಳು. ಸೆರಗು ಒಡ್ಡಿ ನಿಲ್ಲಬೇಕು. ಮೈ ಸೋಕದ ಹಾಗೆ ಮೇಲಿನಿಂದ ಸುರಿಯೋರು. ಕೆಳಗೆ ಚೆಲ್ಲಿದ ಕಾಳನ್ನು ಮಣ್ಣಿನ ಸಮೇತ ಬಳಿದು ತಂದು ಕೇರುತ್ತಿದ್ದಳು. ಆಮೇಲೆ ಒರಳಲ್ಲಿ ಕುಟ್ಟಬೇಕು. ನವಣೆ ಹೊಟ್ಟು ಸುಲಭಕ್ಕೆ ಬಿಡೋದಲ್ಲ. ಆ ಅನ್ನ ಸ್ಕೂಲಿಗೆ ತಗೊಂಡು ಹೋದ್ರೆ ಹುಡುಗರು ನಗೋರು. ನಾನೂ ನಾಚಿಕೊಂಡು ಮರೆಯಲ್ಲಿ ತಿಂದವನೇ. ಅಜ್ಜಿಗೆ ಅದನ್ನು ಹೇಳಲಿಲ್ಲ.

ಈಗ ನೋಡಿ. 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಪೌಷ್ಟಿಕ ಧಾನ್ಯ ಅಂತ ಗೆಜೆಟ್ಟಿಗೆ ಹಾಕಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. 100 ಗ್ರಾಂ ನವಣೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನು, ಅಕ್ಕಿಯಲ್ಲಿ 7ರ ಹತ್ತಿರ. ಬೆಂಗಳೂರಿನ ಅಂಗಡಿಗಳಲ್ಲಿ ಚಂದದ ಪೊಟ್ಟಣದಲ್ಲಿ ಕೂತಿದೆ. ಸಂತೋಷ. 2019-20ರಲ್ಲಿ ನಮ್ಮ ಸರ್ಕಾರ ‘ರೈತ ಸಿರಿ’ ಅಂತ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಗೊತ್ತು ಮಾಡಿತು. ಯಾರಿಗೆ? ಹೆಕ್ಟೇರು ಇದ್ದೋನಿಗೆ. ಕಣ ಬಳಿದವಳಿಗೆ ಏನು?

ನವಣೆ ಕಾಲವೇ ಚೆನ್ನಾಗಿತ್ತು ಅಂತ ಹಾಡೋಕೆ ನಾನು ಬಂದಿಲ್ಲ. ಅದು ಸೆರಗು ಒಡ್ಡಿದ ಕಾಲ. ಆದರೆ ಹೊಲ ತೋಟವಾದಾಗ ಕಳೆ ಕೀಳೋದು, ಕೊಯ್ಯೋದು, ಬಡಿಯೋದು, ಹೀಗೆ ನಮ್ಮ ಹೆಂಗಸರ ಕೆಲಸವೂ ನವಣೆ ಜೊತೆಗೇ ಹೋಯ್ತು. ನಮ್ಮವರ ತುಂಡು ಜಮೀನೂ ಎಷ್ಟೋ ಕಡೆ ಸಾಲಕ್ಕೆ, ಸಾರಾಯಿಗೆ, ಒಂದು ಹೆಬ್ಬೆಟ್ಟಿಗೆ ಹೋಯ್ತು.

ರಜಕ್ಕೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ: ನಾವು ನವಣೆ ಬಿತ್ತುತ್ತಿದ್ದ ಹೊಲ ಯಾವುದು? ಈಗ ಅದು ಯಾರ ತೋಟ? ಪಹಣಿ ತೆಗೆಸಿ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಅನ್ನುತ್ತೆ 1978ರ ಕಾಯಿದೆ. ಹಾಗೆ ಕೈಬಿಟ್ಟದ್ದನ್ನು ಬಿಡಿಸಿಕೊಡಿ ಅಂತ ತಿಪಟೂರಿನ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ತಡವಾಯ್ತು ಅಂತ ಅರ್ಜಿ ತಳ್ಳಿಹಾಕಬಾರದು ಅಂತಲೇ 2023ರಲ್ಲಿ ತಿದ್ದುಪಡಿ ಆಗಿದೆ.

ಕಾಳು ಸಿರಿಯಾಯಿತು. ನೆಲ ಎಲ್ಲಿ ಅಂತ ಕೇಳಿಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಪಹಣಿ ಹಿಡಿದು ಮಾತಾಡೋಣ.