ಅರಳು ಮರಳು ಅಂತ ಕೈ ಬಿಡಬೇಡಿ

ನಾವು ನರ್ಸುಗಳು. ನೀವು ನಮ್ಮನ್ನು ನರ್ಸಬಾಯಿ ಅಂತ ಕರೆಯುತ್ತೀರಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಊರುಗಳಲ್ಲಿ ಮನೆಮನೆ ತಿರುಗಿದವರು ನಾವು. ಇವತ್ತು ಮನೆಯ ಹಿರಿಯರ ಆರೈಕೆ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

"ಅರವತ್ತಕ್ಕೆ ಅರಳು ಮರಳು." ಈ ಗಾದೆ ನಿಮಗೆಲ್ಲ ಗೊತ್ತು. ಹಿರಿಯರು ಏನಾದರೂ ತಪ್ಪಿ ಮಾತಾಡಿದರೆ ಈ ಗಾದೆ ಹೇಳಿ ನಗುತ್ತೇವೆ. ಆದರೆ ಈ ಗಾದೆಯನ್ನು ನಂಬಿ ಕೂತರೆ ಒಮ್ಮೊಮ್ಮೆ ಜೀವವೇ ಹೋದೀತು. ಹೇಗೆ ಅಂತೀರಾ? ಕೇಳಿ.

ಬ್ಯಾಡಗಿ ಹತ್ತಿರದ ಒಂದು ಊರು. ಮೆಣಸಿನಕಾಯಿ ಸುಗ್ಗಿಯ ಕಾಲ. ಆ ಮನೆಯ ಸೊಸೆ ಮುಂಜಾನೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆ ಒಬ್ಬರೇ. ಎಪ್ಪತ್ತು ದಾಟಿದ ಜೀವ. ಆದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು.

ಒಂದು ಸಂಜೆ ಸೊಸೆ ಮನೆಗೆ ಬಂದಳು. ಅತ್ತೆ ಅವಳ ಗುರುತು ಹಿಡಿಯಲಿಲ್ಲ. "ನೀ ಯಾರ ಮನಿಯಾಕಿ ಯವ್ವಾ?" ಎಂದು ಕೇಳಿದರು. ತೀರಿಹೋದ ಗಂಡನನ್ನು ಊಟಕ್ಕೆ ಕರೆದರು. ರಾತ್ರಿಯೆಲ್ಲ ಏನೇನೋ ಬಡಬಡಿಸಿದರು.

ನೆರೆಮನೆಯವರು ಬಂದು ನೋಡಿದರು. "ವಯಸ್ಸಾತಲ್ಲ, ಅರಳು ಮರಳು. ಇನ್ನ ಇಷ್ಟ" ಎಂದು ಹೇಳಿ ಹೋದರು.

ಸೊಸೆ ಸುಮ್ಮನೆ ಕೂರಲಿಲ್ಲ. ನಮ್ಮ ಹತ್ತಿರ ಓಡಿ ಬಂದಳು. "ನರ್ಸಬಾಯಾರ, ನಮ್ಮತ್ತಿ ಮೊನ್ನಿ ತನಕಾ ಛಲೋ ಇದ್ರು. ಒಂದ ದಿನದಾಗ ಯಾರಿಗರೆ ಅರಳು ಮರಳು ಆಗ್ತೈತೇನ್ರಿ?" ಎಂದು ಕೇಳಿದಳು.

ಅವಳ ಪ್ರಶ್ನೆ ಸರಿಯಾಗಿತ್ತು. ಮುಪ್ಪಿನ ಮರೆವು ಒಂದೇ ದಿನದಲ್ಲಿ ಬರುವುದಿಲ್ಲ. ತಿಂಗಳು, ವರ್ಷ ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಬುದ್ಧಿ ಕದಡಿದರೆ ಅದು ಬೇರೆ ರೋಗದ ಗುರುತು.

ಆ ತಾಯಿಯನ್ನು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರದಲ್ಲಿ ನಂಜು ಆಗಿತ್ತು. ಮೈಯಲ್ಲಿ ನೀರು ಕಡಿಮೆಯಾಗಿತ್ತು. ಔಷಧಿ ಕೊಟ್ಟರು, ಸಲೈನ್ ಹಾಕಿದರು. ಕೆಲವು ದಿನಗಳಲ್ಲಿ ಅತ್ತೆಗೆ ಮೊದಲಿನ ಹಾಗೆ ಅರಿವು ಬಂತು. ಸೊಸೆಯನ್ನು ಹೆಸರು ಹಿಡಿದು ಕರೆದರು.

ಆಮೇಲೆ ನಾವು ಅವರನ್ನು ಕೇಳಿದೆವು. "ಯವ್ವಾ, ನೀರು ಯಾಕ ಕುಡಿಯಂಗಿಲ್ಲ?"

ಅವರು ಹೇಳಿದ್ದು ಇಷ್ಟು. "ನೀರು ಕುಡದ್ರ ರಾತ್ರಿ ಏಳಬೇಕಾಗ್ತೈತಿ. ಹಿತ್ತಲದಾಗ ಕತ್ತಲಿ. ಒಮ್ಮೆ ಜಾರಿ ಬಿದ್ದೀನಿ. ಹಗಲೆಲ್ಲಾ ದುಡದು ಬಂದು ಮಲಗಿರ್ತಾಳ, ಆಕಿನ್ನ ಎಬ್ಬಿಸಾಕ ಮನಸಾಗಂಗಿಲ್ಲ."

ನೋಡಿದಿರಾ, ಅಕ್ಕಂದಿರೇ? ಬೀಳುವ ಹೆದರಿಕೆಗೆ ಅವರು ನೀರು ಬಿಟ್ಟರು. ನೀರು ಬಿಟ್ಟಿದ್ದಕ್ಕೆ ಮೂತ್ರದ ನಂಜು ಬಂತು. ನಂಜು ಏರಿ ಬುದ್ಧಿ ಕದಡಿತು. ಜನ ಅದಕ್ಕೆ ಅರಳು ಮರಳು ಎಂದರು. ಎಲ್ಲದರ ಬೇರು ಹಿತ್ತಲಿನ ಕತ್ತಲಲ್ಲಿ ಇತ್ತು.

ಆ ಮನೆಯವರು ಹಿತ್ತಲಿಗೆ ಒಂದು ದೀಪ ಹಾಕಿಸಿದರು. ಪಾಚಿ ಉಜ್ಜಿ ತೆಗೆದರು. ಹಿಡಿದು ಏಳಲು ಗೋಡೆಗೆ ಒಂದು ಗಟ್ಟಿ ಬಡಿಗೆ ಬಡಿದರು. ರಾತ್ರಿಗೆ ಹಾಸಿಗೆಯ ಹತ್ತಿರವೇ ಒಂದು ಪಾತ್ರೆ ಇಟ್ಟರು. ಹೆಚ್ಚು ಖರ್ಚು ಆಗಲಿಲ್ಲ.

ನೀವೂ ಕೂಲಿಗೆ ಹೋಗುವವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಲಸ. ರಾಣೆಬೆನ್ನೂರು ಕಡೆ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ. ಒಂದು ದಿನ ಮನೆಯಲ್ಲಿ ಉಳಿದರೆ ಒಂದು ದಿನದ ಕೂಲಿ ಹೋಯಿತು. ಅದು ನಮಗೆ ಗೊತ್ತು. ದಿನವಿಡೀ ಹಿರಿಯರ ಹತ್ತಿರ ಕೂತಿರಿ ಅಂತ ನಾವು ಹೇಳುವುದಿಲ್ಲ. ಮುಂಜಾನೆ ಹೊರಡುವ ಮೊದಲು ಸ್ವಲ್ಪ ಹೊತ್ತು ಕೊಡಿ. ಅವರ ಮುಖ ನೋಡಿ ಮಾತಾಡಿಸಿ. ಕೈಗೆ ಸಿಗುವ ಹಾಗೆ ಒಂದು ತಂಬಿಗೆ ನೀರು ಇಡಿ. ಎಷ್ಟು ಖಾಲಿಯಾಯಿತು ಅಂತ ಸಂಜೆ ನೋಡಿ. ಹೃದಯ, ಮೂತ್ರಪಿಂಡದ ರೋಗ ಇದ್ದವರಿಗೆ ಮಾತ್ರ ಎಷ್ಟು ನೀರು ಕೊಡಬೇಕು ಅಂತ ಡಾಕ್ಟರನ್ನು ಕೇಳಿ.

ಇನ್ನು ಊಟದ ಮಾತು. ಹಲ್ಲು ಹೋದವರಿಗೆ ಖಡಕ್ ರೊಟ್ಟಿ ನುಂಗಲು ಆಗುವುದಿಲ್ಲ. ಅವರು ನಾಚಿಕೆಗೆ "ಹಸಿವಿಲ್ಲ" ಅಂತಾರೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ. ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಹೆಸರುಬೇಳೆ, ಪಲ್ಯ, ಮೊಸರು ಕೊಡಿ. ತಿನ್ನುವವರಿಗೆ ಮೊಟ್ಟೆ ಕೊಡಿ. ವಯಸ್ಸಾದವರಿಗೆ ಬರೀ ಗಂಜಿ ಸಾಕು ಅನ್ನುವುದು ತಪ್ಪು. ಬೇಳೆಕಾಳು ಇಲ್ಲದಿದ್ದರೆ ತೊಡೆ, ತೋಳಿನ ಶಕ್ತಿ ಹೋಗುತ್ತದೆ. ಶಕ್ತಿ ಹೋದರೆ ಬೀಳುತ್ತಾರೆ. ಬಿ.ಪಿ. ಇದ್ದವರಿಗೆ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ನಡೆಯುವ ಶಕ್ತಿ ಇದ್ದವರನ್ನು "ಕುಂದರ್ರಿ, ನಾ ಮಾಡ್ತೀನಿ" ಅಂತ ಮೂಲೆಯಲ್ಲಿ ಕೂರಿಸಬೇಡಿ. ದಿನಾ ನಡೆಯಲಿ. ಸೊಪ್ಪು ಸೋಸಲಿ, ಮೊಮ್ಮಕ್ಕಳಿಗೆ ಕತೆ ಹೇಳಲಿ. ಕಣ್ಣು ಮಂಜಾದರೆ ವಯಸ್ಸು ಅಂತ ಬಿಡಬೇಡಿ. ಪೊರೆ ಬಂದಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಕಣ್ಣು ಕಂಡರೆ ಬೀಳುವುದು ತಪ್ಪೀತು.

ಹಾಸಿಗೆ ಹಿಡಿದವರು ಇದ್ದರೆ ಈ ಮಾತು ಗಟ್ಟಿಯಾಗಿ ನೆನಪಿಡಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ. ನೀವು ಕೆಲಸಕ್ಕೆ ಹೋದಾಗ ಯಾರು ಬದಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬೆನ್ನಿನ ಕೆಳಗಿನ ಎಲುಬು, ಸೊಂಟ, ಹಿಮ್ಮಡಿ ದಿನಾ ನೋಡಿ. ಚರ್ಮ ಕೆಂಪಾಗಿ, ಬೆರಳಿಂದ ಒತ್ತಿದರೂ ಆ ಕೆಂಪು ಹೋಗದಿದ್ದರೆ ಅಲ್ಲಿ ಹುಣ್ಣು ಆಗುತ್ತದೆ. ಆ ಜಾಗ ತಿಕ್ಕಬೇಡಿ. ಅದರ ಮೇಲೆ ಭಾರ ಬೀಳದ ಹಾಗೆ ಮಲಗಿಸಿ ನರ್ಸನ್ನು ಕರೆಯಿರಿ. ಹಾಸಿಗೆ ಒದ್ದೆ ಆಗದಂತೆ ನೋಡಿಕೊಳ್ಳಿ. ಮಲಗಿಸಿ ಉಣಿಸಬೇಡಿ. ಎಬ್ಬಿಸಿ ಕೂರಿಸಿ, ಸಣ್ಣ ಸಣ್ಣ ತುತ್ತು ಕೊಡಿ.

ಬಾಯಿ ಒಂದು ಕಡೆ ಸೊಟ್ಟಾಯಿತೇ? ಒಂದು ಕೈ ಎತ್ತಲು ಆಗುವುದಿಲ್ಲವೇ? ಮಾತು ತೊದಲುತ್ತಿದೆಯೇ? ಅದು ಲಕ್ವದ ಗುರುತು. ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ. ಆಗಲೇ 108ಕ್ಕೆ ಫೋನು ಮಾಡಿ.

ನೀವು ಈಗ ಓದು ಬರಹ ಕಲಿತಿದ್ದೀರಿ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ನೋಟ್‌ಬುಕ್ ಇಡಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಬರೆಯಿರಿ. ಮುಂಜಾನೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಗೆರೆ ಸಾಕು. ಬಿ.ಪಿ., ಸಕ್ಕರೆ ಎಷ್ಟು ಬಂತು ಅಂತ ತಾರೀಖು ಹಾಕಿ ಬರೆಯಿರಿ. ಆರಾಮ ಆಯಿತು ಅಂತ ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಆ ನೋಟ್‌ಬುಕ್ ತೋರಿಸಿ.

ಹಿರಿಯರನ್ನು ನೋಡಿಕೊಳ್ಳುವುದು ಸೊಸೆ ಒಬ್ಬಳ ಕೆಲಸ ಅಲ್ಲ. ಮಗನ ಕೆಲಸವೂ ಹೌದು, ಮಗಳ ಕೆಲಸವೂ ಹೌದು. ಇದಕ್ಕೆ ಕಾಯ್ದೆಯೂ ಇದೆ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತು. ಮಕ್ಕಳು ನೋಡದಿದ್ದರೆ ತಂದೆತಾಯಿ ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯಕ್ಕೆ 14567 ಎಂಬ ಫೋನ್ ನಂಬರ್ ಇದೆ. ಅದಕ್ಕೆ ದುಡ್ಡು ಬೀಳುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ನಂಬರ್ ಬರೆದಿಡಿ.

ಕೊನೆಗೆ ಒಂದು ಮಾತು. ನಾವೂ ನೀವೂ ನಾಳೆ ಮುದುಕಿಯರಾಗುವವರೇ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ನಮ್ಮದು. ಅದನ್ನು ಬಿಡೋಣ. ನಾವೂ ಹೊಟ್ಟೆ ತುಂಬ ಉಣ್ಣೋಣ. ತಂಬಾಕು ಬಿಡೋಣ. ಹಿರಿಯರ ಬಿ.ಪಿ. ನೋಡಿಸಲು ಹೋದಾಗ ನಮ್ಮದನ್ನೂ ನೋಡಿಸೋಣ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅತ್ತೆಯನ್ನೋ ತಾಯಿಯನ್ನೋ ಹತ್ತಿರ ಕೂತು ಕೇಳಿ. "ರಾತ್ರಿ ಏಳಾಕ ಅಂಜಿಕಿ ಆಗ್ತೈತೇನ್ರಿ?" ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ. ಅಲ್ಲಿಂದಲೇ ಆರೈಕೆ ಶುರು ಮಾಡಿ.