ಸಿನ್ ಅಂದ್ರೆ ಇಲ್ಲದೆ, ಕೋನ್ ಅಂದ್ರೆ ಜೊತೆಗೆ: ಅಮ್ಮನ ಜೊತೆ ಸ್ಪೇನ್‌ನಲ್ಲಿ ಒಂಬತ್ತು ದಿನ

ಕಳೆದ ಸಂಚಿಕೆಯಲ್ಲಿ ಟ್ರಿಪ್ ಬಜೆಟ್ ಬಗ್ಗೆ ಮಾತಾಡಿದ್ದೆ. ಅದನ್ನ ಕೇಳಿ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ: "ಅಕ್ಕ, ಭಾಷೆಗೆ ಏನ್ ಮಾಡಿದ್ರಿ? ಇಂಗ್ಲಿಷ್ ಸಾಕಾಗಲ್ವಾ?"

ಮ್ಯಾಡ್ರಿಡ್‌ನಲ್ಲಿ ಪ್ರವಾಸಿಗರು ಓಡಾಡೋ ಜಾಗಗಳಲ್ಲಿ ಸಾಕಾಗುತ್ತೆ. ಎರಡು ಬೀದಿ ಒಳಗೆ ಹೋದ್ರೆ ಸಾಕಾಗಲ್ಲ. ಅದು ನಂಗೆ ಗೊತ್ತಿತ್ತು, ಅದಕ್ಕೇ ಆರು ವಾರ ಮೊದಲೇ ಮೊಬೈಲ್ ಆ್ಯಪ್ ಹಾಕ್ಕೊಂಡು ಸ್ಪ್ಯಾನಿಷ್ ಶುರು ಮಾಡಿದ್ದೆ. ರಾತ್ರಿ ಊಟ ಆದ್ಮೇಲೆ ಇಪ್ಪತ್ತು ನಿಮಿಷ. ಆ್ಯಪ್ ಏನು ಕಲಿಸ್ತು ಅಂದ್ರೆ, "ಬೆಕ್ಕು ಹಾಲು ಕುಡಿಯುತ್ತದೆ." ಒಂಬತ್ತು ದಿನದಲ್ಲಿ ನಾನು ಒಬ್ಬರಿಗೂ ಆ ವಿಷಯ ಹೇಳಬೇಕಾಗಿ ಬರಲಿಲ್ಲ.

ಆದ್ರೆ ಒಂದು ಖುಷಿ ಇತ್ತು. ಕನ್ನಡದವರಿಗೆ ಈ ಭಾಷೆ ಅಷ್ಟೊಂದು ದೂರ ಅನ್ಸಲ್ಲ. ಇಂಗ್ಲಿಷ್‌ನವರು ಒದ್ದಾಡೋ ತ ಮತ್ತು ದ ನಮ್ಮ ನಾಲಿಗೆಯಲ್ಲಿ ಆಗಲೇ ಇವೆ. ಸ್ವರಗಳು ಅ, ಎ, ಇ, ಒ, ಉ ಅಷ್ಟೇ, ಬರೆದ ಹಾಗೇ ಓದೋದು. ಎಚ್ ಅಕ್ಷರ ಇದ್ರೂ ಹೇಳೋ ಹಾಗಿಲ್ಲ: "ಓಲಾ" ಅಂದ್ರೆ ನಮಸ್ಕಾರ, ಹೋಲಾ ಅಲ್ಲ. ವರ್ಣಮಾಲೆಯಲ್ಲಿ ಚ-ವರ್ಗದ ಕೊನೆಯಲ್ಲಿ ಕೂತು ಯಾರಿಗೂ ಬೇಡವಾಗಿರೋ ನಮ್ಮ ಞ ಇದೆಯಲ್ಲ, ಅದಕ್ಕೆ ಅಲ್ಲಿ ದಿನವೂ ಕೆಲಸ. "ಎಸ್ಪಾಞಾ" ದೇಶದ ಹೆಸರು. "ಬಾಞೋ" ಬಾತ್‌ರೂಮು. "ಮಾಞಾನಾ" ನಾಳೆ. ವಯಸ್ಸು ಹೇಳೋವಾಗ ಮಾತ್ರ ಹುಷಾರು. "ತೆಂಗೋ 28 ಆಞೋಸ್" ಅನ್ನಬೇಕು. ಆ ಞ ಬದಲು ಬರೀ ನ ಹೇಳಿದ್ರೆ ವರ್ಷದ ಲೆಕ್ಕ ಹೋಗಿ ದೇಹದ ಹಿಂಭಾಗದ ಲೆಕ್ಕ ಆಗುತ್ತೆ. ಅಂದಹಾಗೆ "ತೆಂಗೋ" ಅಂದ್ರೆ "ನನ್ನ ಹತ್ರ ಇದೆ". ತುಮಕೂರಿನ ತೆಂಗಿನ ತೋಟದ ಕಡೆಯವಳಿಗೆ ಅದು ಮರೆಯೋದು ಹೇಗೆ!

ಇನ್ನೊಂದು ವಿಷಯ ನಂಗೆ ತುಂಬಾ ಇಷ್ಟ ಆಯ್ತು. ಇಂಗ್ಲಿಷ್‌ನಲ್ಲಿ "ಐ ಲೈಕ್ ಕಾಫಿ", ಅಂದ್ರೆ ನಾನು ಏನೋ ಕೆಲಸ ಮಾಡ್ತಿರೋ ಹಾಗೆ. ಕನ್ನಡದಲ್ಲಿ "ನನಗೆ ಕಾಫಿ ಇಷ್ಟ". ಸ್ಪ್ಯಾನಿಷ್‌ನಲ್ಲೂ "ಮೆ ಗುಸ್ತಾ ಎಲ್ ಕಾಫೆ". ಆ "ಮೆ" ಅಂದ್ರೆ "ನನಗೆ". ತಲೆನೋವಿಗೂ ಹಾಗೇ, "ಮೆ ದುಯೆಲೆ ಲಾ ಕಾಬೆಸಾ", ನನಗೆ ತಲೆ ನೋಯುತ್ತೆ. ನಾವು "ಬಂದೆ" ಅಂತ ಹೇಳಿ "ನಾನು" ಬಿಟ್ಟುಬಿಡ್ತೀವಲ್ಲ, ಅವರೂ ಬಿಡ್ತಾರೆ. ನೀನು-ನೀವು ಥರ "ತೂ" ಮತ್ತು "ಉಸ್ತೆದ್" ಇದೆ. ಕನ್ನಡದಿಂದ ನೇರ ಹೋಗಬೇಕಾದಲ್ಲಿ ನಾನು ಆರು ವಾರ ಇಂಗ್ಲಿಷ್ ಸುತ್ತು ಹಾಕಿ ಹೋಗಿದ್ದೆ.

ಸರಿ, ಈಗ ಅಸಲಿ ಕತೆ. ಇದನ್ನ ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ.

ಅಮ್ಮನಿಗೆ ಶುಗರ್ ಇದೆ. ಅವರ ಮಾತ್ರೆ ಎಂಥದ್ದು ಅಂದ್ರೆ, ತಗೊಂಡ್ಮೇಲೆ ಬೇಗ ಊಟ ಮಾಡ್ಲೇಬೇಕು, ಇಲ್ಲಾಂದ್ರೆ ಶುಗರ್ ಕೆಳಗೆ ಬೀಳುತ್ತೆ. ಊರಲ್ಲಿ ಏಳೂವರೆಗೆ ಮಾತ್ರೆ, ಎಂಟಕ್ಕೆ ಮುದ್ದೆ, ಮುಗೀತು. ಆದ್ರೆ ಸ್ಪೇನ್‌ನಲ್ಲಿ ರಾತ್ರಿ ಊಟ ಒಂಬತ್ತರ ಮೇಲೇ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬಹಳಷ್ಟು ಹೋಟೆಲ್‌ಗಳ ಅಡುಗೆಮನೆ ಮುಚ್ಚಿದ್ರೆ ಮತ್ತೆ ತೆಗೆಯೋದು ಎಂಟು, ಎಂಟೂವರೆಗೆ. ಇದನ್ನ ನಾನು ಓದಿದ್ದೆ. ಓದಿ ಮರೆತಿದ್ದೆ.

ನಾವು ಸೆವಿಯಾದಲ್ಲಿದ್ವಿ, ಗ್ವಾದಾಲ್ಕಿವೀರ್ ನದಿಯ ಆಚೆ ದಂಡೆ, ತ್ರಿಯಾನಾ ಅನ್ನೋ ಹಳೇ ಕೇರಿ. ಮಧ್ಯಾಹ್ನ ಒಂದಕ್ಕೆ ಬರೀ ಟೊಮ್ಯಾಟೊ ಸವರಿದ ಬ್ರೆಡ್ ತಿಂದಿದ್ದು, ಆಮೇಲೆ ನಡೆದಿದ್ದೇ ನಡೆದಿದ್ದು. ಸಂಜೆ ಏಳೂವರೆಗೆ ಒಂದು ಹೋಟೆಲ್ ಮುಂದೆ ನಿಂತು ಊಟ ಇದೆಯಾ ಅಂತ ಕೇಳಿದೆ. ಅವರು ಹೇಳಿದ್ರು: "ಆಬ್ರೆ ಆ ಲಾಸ್ ಓಚೋ ಈ ಮೇದಿಯಾ." ನಂಗೆ "ಓಚೋ" ಕೇಳಿಸ್ತು. ಓಚೋ ಅಂದ್ರೆ ಎಂಟು! ಅರ್ಥ ಆಯ್ತಲ್ಲ ಅನ್ನೋ ಖುಷಿಯಲ್ಲಿ ಆ ಬಾಲ, "ಈ ಮೇದಿಯಾ", ಗಾಳಿಗೆ ಹೋಯ್ತು. ಅದರ ಅರ್ಥ "ಮತ್ತೆ ಅರ್ಧ". ಎಂಟೂವರೆ.

"ಅಮ್ಮಾ, ಎಂಟಕ್ಕೆ ತೆಗೀತಾರಂತೆ, ಮಾತ್ರೆ ತಗೊಂಡ್ಬಿಡಿ" ಅಂದೆ. ತಗೊಂಡ್ರು.

ಎಂಟಕ್ಕೆ ಬಂದ್ರೆ ಬಾಗಿಲು ಹಾಕಿದೆ. ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ ಅಮ್ಮನ ದೊಡ್ಡ ಬ್ಯಾಗಲ್ಲಿ, ಬ್ಯಾಗ್ ರೂಮಲ್ಲಿ. ಜೇಬುಗಳ್ಳರ ಭಯಕ್ಕೆ ನಾನೇ ಬಿಟ್ಟು ಬನ್ನಿ ಅಂದಿದ್ದೆ. "ಅರ್ಧ ಗಂಟೆ ತಾನೇ, ಬಾರೇ, ನದಿ ನೋಡೋಣ" ಅಂದ್ರು ಅಮ್ಮ. ಎಂಟೂವರೆಗೆ ಒಳಗೆ ಹೋಗಿ ಕೂತು, ಆರ್ಡರ್ ಕೊಟ್ಟು ಸ್ವಲ್ಪ ಹೊತ್ತು ಆಗಿತ್ತು. ಅಮ್ಮನ ಹಣೆ ಮೇಲೆ ಬೆವರು. ಕೈ ನಡುಗ್ತಿದೆ. ಏನಾಯ್ತಮ್ಮ ಅಂದ್ರೆ ನನ್ನನ್ನೇ ನೋಡ್ತಾರೆ, ಉತ್ತರ ಇಲ್ಲ.

ಕೌಂಟರ್‌ಗೆ ಓಡಿದೆ. ನಂಗೆ ಬೇಕಾಗಿದ್ದು ಸಕ್ಕರೆ. ಆ ಪದ ನಂಗೆ ಚೆನ್ನಾಗಿ ಗೊತ್ತಿತ್ತು, ಆಸೂಕರ್. ಆದ್ರೆ ಐದು ದಿನದಿಂದ ಆ ಪದವನ್ನ ನಾನು ಒಂದೇ ರೀತಿಯಲ್ಲಿ ಹೇಳ್ತಾ ಬಂದಿದ್ದೆ, ಅಮ್ಮನ ಕಾಫಿಗೆ: "ಕಾಫೆ ಕೋನ್ ಲೇಚೆ, ಸಿನ್ ಆಸೂಕರ್." ಹಾಲಿನ ಕಾಫಿ, ಸಕ್ಕರೆ ಇಲ್ಲದೆ. ಗಾಬರಿಯಲ್ಲಿ ಬಾಯಿಂದ ಬಂದಿದ್ದೂ ಅದೇ. "ಸಿನ್ ಆಸೂಕರ್! ಸಿನ್ ಆಸೂಕರ್, ಪೋರ್ ಫಾವೋರ್! ರಾಪಿದೋ!" ಆ ಮನುಷ್ಯ ತಕ್ಷಣ ಫ್ರಿಜ್ ತೆಗೆದು ಕೊಟ್ಟಿದ್ದು ಸಕ್ಕರೆ ಇಲ್ಲದ ಕೋಲಾ. ನಾನು ಕೇಳಿದ್ದನ್ನೇ ಕೊಟ್ಟರು, ಪಾಪ.

ಕ್ಯಾನ್ ಹಿಡ್ಕೊಂಡು ಎರಡು ಹೆಜ್ಜೆ ಬಂದಿದ್ದೆ. ಅದರ ಮೇಲೆ ಜೀರೋ ಅಂತ ಬರೆದಿದ್ದು ಕಂಡಿತು. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತೊಳಸುತ್ತೆ. ವಾಪಸ್ ತಿರುಗಿದೆ. ಕೌಂಟರ್ ಮೇಲೆ ಕಿತ್ತಳೆ ಹಿಂಡೋ ಮಷೀನ್ ಇತ್ತು. ಅದಕ್ಕೆ ಬೆರಳು ತೋರಿಸಿ "ಸೂಮೋ! ಸೂಮೋ! ಮಿ ಮಾದ್ರೆ!" ಅಂದೆ. ಸೂಮೋ ಅಂದ್ರೆ ಜ್ಯೂಸ್, ಮಿ ಮಾದ್ರೆ ಅಂದ್ರೆ ನನ್ನ ತಾಯಿ. ವ್ಯಾಕರಣ ಏನೂ ಇಲ್ಲ. ಅವರು ಅಮ್ಮನ ಕಡೆ ನೋಡಿ "ದಿಯಾಬೇತಿಕಾ?" ಅಂತ ಕೇಳಿದ್ರು. "ಸೀ, ಸೀ!" ಜ್ಯೂಸ್ ಜೊತೆ ಎರಡು ಸಕ್ಕರೆ ಪೊಟ್ಟಣವನ್ನೂ ಅವರೇ ತಂದು, ಹರಿದು, ಲೋಟಕ್ಕೆ ಸುರಿದ್ರು.

ಹದಿನೈದು ನಿಮಿಷ ಬೇಕಾಯ್ತು. ಅಮ್ಮ ಲೋಟ ನೋಡಿ ಆಡಿದ ಮೊದಲ ಮಾತು, "ಇದು ಕಿತ್ತಳೆನಾ, ಮೂಸಂಬಿನಾ?" ನಾನು ಅಳ್ತಾ ನಗ್ತಾ ಕೂತಿದ್ದೆ.

ನಾನು ಬಿಕಾಂ ಓದಿದವಳು, ಲೆಕ್ಕ ಪಕ್ಕಾ ಇರಬೇಕು ಅನ್ನೋ ಪೈಕಿ. ಷೆಂಗೆನ್ ವೀಸಾಗೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ, ಮಾಡಿಸಿದ್ದೆ. ಪಾಲಿಸಿಯ ಮೂರು ಪ್ರತಿ ಇತ್ತು. "ನಮ್ಮಮ್ಮನಿಗೆ ಸಕ್ಕರೆ ಬೇಕು" ಅನ್ನೋ ವಾಕ್ಯ ಇರ್ಲಿಲ್ಲ.

ಅವತ್ತು ರಾತ್ರಿ ರೂಮಲ್ಲಿ ಕೂತು ಒಂದು ಚೀಟಿ ಬರೆದೆ: "ಮಿ ಮಾದ್ರೆ ತಿಯೆನೆ ದಿಯಾಬೇತೆಸ್. ನೆಸೆಸೀತಾ ಆಸೂಕರ್." ನನ್ನ ತಾಯಿಗೆ ಡಯಾಬಿಟಿಸ್ ಇದೆ, ಸಕ್ಕರೆ ಬೇಕು. ಒಂದು ಅಮ್ಮನ ಪರ್ಸಿಗೆ, ಇನ್ನೊಂದು ನನ್ನ ಲಾಕ್ ಸ್ಕ್ರೀನ್‌ಗೆ, ಜೊತೆಗೆ 112, ಅಲ್ಲಿನ ತುರ್ತು ನಂಬರ್. ನೀವೂ ಕಲಿಯೋದಾದ್ರೆ ಬೆಕ್ಕು-ಹಾಲು ಬಿಟ್ಟು ನಿಮ್ಮ ಮನೆಯ ವಾಕ್ಯದಿಂದ ಶುರು ಮಾಡಿ: ಅಲರ್ಜಿ, ಮಾತ್ರೆ, ಉಬ್ಬಸ, ಏನಿದೆಯೋ ಅದು. ಆಮೇಲೆ ಗಂಟೆ. "ಈ ಮೇದಿಯಾ" ಅರ್ಧಕ್ಕೆ, "ಈ ಕ್ವಾರ್ತೋ" ಕಾಲಿಗೆ. ಅರ್ಥ ಆಗದಿದ್ರೆ "ಮಾಸ್ ದೆಸ್ಪಾಸಿಯೋ, ಪೋರ್ ಫಾವೋರ್", ಸ್ವಲ್ಪ ನಿಧಾನ ಅಂತ. ನಾನು ಕೇಳದೇ ಬಿಟ್ಟಿದ್ದು ಅದನ್ನೇ. ಅರ್ಥ ಆಗ್ಲಿಲ್ಲ ಅಂತ ತೋರಿಸ್ಕೊಳ್ಳೋಕೆ ಮನಸ್ಸಿರ್ಲಿಲ್ಲ.

ಸಸ್ಯಾಹಾರಿಗಳು ಕೇಳಿದ್ದೀರಿ. "ಸಿನ್ ಕಾರ್ನೆ", ಮಾಂಸ ಇಲ್ಲದೆ, ಅಂದ್ರೆ ಸಾಲಲ್ಲ. ಎನ್ಸಲಾದಾ ಮಿಕ್ಸ್ತಾ ಅನ್ನೋ ಸಲಾಡ್‌ನಲ್ಲಿ ಟ್ಯೂನಾ ಮೀನು ಬರೋದು ಮಾಮೂಲಿ, ಸಾಲ್ಮೊರೇಹೋ ಅನ್ನೋ ತಣ್ಣನೆ ಸೂಪ್ ಮೇಲೆ ಹಂದಿ ಮಾಂಸದ ಚೂರು. "ಸಿನ್ ಹಾಮೋನ್, ಸಿನ್ ಆತೂನ್" ಅಂತ ಬಿಡಿಬಿಡಿಯಾಗಿ ಹೇಳಿ. ಸೆವಿಯಾದಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಸಿಗುತ್ತೆ, ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್. ಅಮ್ಮ ಮೂರು ದಿನ ಅದನ್ನೇ ತಿಂದ್ರು. ಹಾಂ, ನಾನು ಸ ಅಂತ ಹೇಳ್ತಿರೋದು ಸೆವಿಯಾ ಬಾಯಿ. ಮ್ಯಾಡ್ರಿಡ್‌ನಲ್ಲಿ "ಗ್ರಾಥಿಯಾಸ್", ಇಲ್ಲಿ "ಗ್ರಾಸಿಯಾಸ್", ಕೆಲವೊಮ್ಮೆ ಕೊನೆಯ ಸ್ ಕೂಡ ನುಂಗಿ "ಗ್ರಾಸಿಯಾ". ಧಾರವಾಡದವರು ಮೈಸೂರಿಗೆ ಬಂದ ಹಾಗೆ ಅನ್ಕೊಳ್ಳಿ.

ಕೊನೆಯ ದಿನ ಬೆಳಿಗ್ಗೆ ಕಾಫಿ ಆರ್ಡರ್ ಮಾಡೋಕೆ ಬಾಯಿ ತೆಗೆದೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ತಾವೇ ಕೌಂಟರ್ ಕಡೆ ಬಾಗಿದ್ರು: "ಸಿನ್ ಆಸೂಕರ್." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಇವಳಿಗೆ ಕೋನ್."

ನಿಮ್ಮ ಮನೆಯ ವಾಕ್ಯ ಯಾವುದು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಗುರುವಾರ ಸಿಗೋಣ.